ಚಳಿಗಾಲದ ಬೆಳಕೂ ಹೊಸ ಕ್ಯಾಮೆರಾವೂ



ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ದಿನ ನನ್ನ ಹೆಗಲಿನಲ್ಲಿ ಒಂದು ಕಪ್ಪು ಚೀಲ ತೂಗುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಎಂಟನೆಯ ತರಗತಿಯವರಂತೂ ಹಾಜರಿ ಕರೆಯುವುದಕ್ಕೆ ಮೊದಲೇ, "ಅದರಾಗ ಏನೈತ್ರಿ ಸರ್?" ಎಂದು ಕೇಳಿಬಿಟ್ಟರು. ಅದರಲ್ಲಿ ಇದ್ದುದು ನನ್ನ ಹೊಸ ಕ್ಯಾಮೆರಾ. ಎರಡು ವರುಷ ತಿಂಗಳು ತಿಂಗಳು ಕೂಡಿಟ್ಟ ಹಣದಿಂದ ಕೊಂಡದ್ದು. ಕೊಂಡ ರಾತ್ರಿ ನನಗೆ ನಿದ್ರೆ ಸರಿಯಾಗಿ ಬರಲಿಲ್ಲ. ಮೂರು ಸಲ ಎದ್ದು ದೀಪ ಹಾಕಿ ಪೆಟ್ಟಿಗೆ ತೆರೆದು ನೋಡಿದೆನು. ಮೂವತ್ತು ದಾಟಿದ ಮಾಸ್ತರನೊಬ್ಬನು ಹೀಗೆ ಮಾಡಿದನೆಂದರೆ ನಿಮಗೆ ನಗು ಬರಬಹುದು; ನಗಬಹುದು.

ಎಲ್ಲರ ಕಿಸೆಯಲ್ಲಿಯೂ ಮೊಬೈಲ್ ಇರುವ ಈ ಕಾಲದಲ್ಲಿ ಬೇರೆ ಕ್ಯಾಮೆರಾ ಏತಕ್ಕೆಂದು ನೀವು ಕೇಳುವಿರಿ. ನನ್ನ ಮಡದಿಯೂ ಕೇಳಿದಳು. ಅದಕ್ಕೆ ಕಾರಣವೊಂದುಂಟು. ನನ್ನ ತಂದೆಯವರು ತೀರಿಕೊಂಡು ಒಂಬತ್ತು ವರುಷಗಳಾದುವು. ಅವರದೆಂದು ಮನೆಯಲ್ಲಿರುವುದು ಒಂದೇ ಭಾವಚಿತ್ರ. ಮತದಾರರ ಗುರುತಿನ ಚೀಟಿಗಾಗಿ ಊರಿನ ಪಂಚಾಯತಿಯ ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆದದ್ದು ಅದು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಆ ಚಿತ್ರವನ್ನು ಗೋಡೆಗೆ ತೂಗಹಾಕುವಷ್ಟು ದೊಡ್ಡದು ಮಾಡಿಸಿದೆವು. ಚಿತ್ರ ಹಿಗ್ಗಿದಂತೆ ಮುಖ ಕರಗಿತು. ಸ್ಟುಡಿಯೋದವನು ಕಣ್ಣು ಮೀಸೆಗಳನ್ನು ತಾನೇ ತಿದ್ದಿ, ಮೈಮೇಲೆ ಒಂದು ಕೋಟು ತೊಡಿಸಿ ಕೊಟ್ಟನು. ನಮ್ಮ ತಂದೆಯವರು ಜೀವಮಾನದಲ್ಲಿ ಕೋಟು ತೊಟ್ಟವರಲ್ಲ.

ಇಷ್ಟು ಹೇಳಿ ಪಾಠಕ್ಕೆ ಬರುತ್ತೇನೆ.

ಪುಣೆಯ ಚಳಿಯನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ. ಬೆಳಗಿನ ಪಾಳಿಗೆ ಸ್ವೆಟರು, ಕಿವಿಟೋಪಿ ಹಾಕಿಕೊಂಡು ಬಾಯಿಂದ ಉಗಿ ಬಿಡುತ್ತ ಬರುವವರು ನೀವೇ. ರಸ್ತೆಯ ಬದಿಯಲ್ಲಿ ಕಾವಲುಗಾರರು ಕಟ್ಟಿಗೆ ಚೂರುಗಳನ್ನು ಹೊತ್ತಿಸಿ ಕೈ ಕಾಯಿಸಿಕೊಳ್ಳುವರು. ಪೇಟೆಗೆ ಎಳೆಯ ಜೋಳದ ತೆನೆ ಬರುವುದು; ಇಲ್ಲಿಯವರು ಹುರಡಾ ಎನ್ನುವ ಅದನ್ನೇ ನಮ್ಮ ಕಡೆ ಸೀತನಿ ಎನ್ನುವೆವು. ಡಿಸೆಂಬರದಲ್ಲಿ ಸವಾಯಿ ಗಂಧರ್ವ ಮಹೋತ್ಸವ ನಡೆಯುವುದು. ಕುಂದಗೋಳದ ಗುರುವಿನ ಸ್ಮರಣೆಗಾಗಿ ಗದಗಿನ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಉತ್ಸವವದು. ಪುಣೆಯ ಚಳಿಗಾಲಕ್ಕೂ ಕನ್ನಡಕ್ಕೂ ಇರುವ ನಂಟು ಸಣ್ಣದಲ್ಲ.

ಈ ಊರಿನಲ್ಲಿ ದಾಖಲಾದ ಅತಿ ಕಡಿಮೆಯ ಉಷ್ಣತೆ 1935ರ ಜನವರಿ 17ರಂದು 1.7 ಡಿಗ್ರಿ. ಇಂಥ ಲೆಕ್ಕಗಳನ್ನಿಡುವ ಹವಾಮಾನ ಇಲಾಖೆಯ ಮುಖ್ಯ ಕಚೇರಿಯು 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂದಿತ್ತು. ಮುಖ್ಯ ಕಚೇರಿ ಅನಂತರ ದಿಲ್ಲಿಗೆ ಹೋದರೂ ಶಿವಾಜಿನಗರದ ಆ ಗಡಿಯಾರದ ಕಟ್ಟಡವನ್ನು ಜನ ಇಂದಿಗೂ ಸಿಮ್ಲಾ ಆಫೀಸು ಎಂದೇ ಕರೆಯುವರು. ಬಸ್ಸಿನ ಕಂಡಕ್ಟರು ಆ ಹೆಸರು ಕೂಗಿದಾಗ ಇನ್ನು ಮುಂದೆ ನಿಮಗೆ ಕಾರಣ ತಿಳಿದಿರಲಿ.

ಚಳಿಗಾಲದ ನಸುಕಿನಲ್ಲಿ ನದಿಯ ಮೇಲೆ, ಬಯಲಿನ ಮೇಲೆ ಮಂಜು ಹಾಸಿಕೊಂಡಿರುವುದೇಕೆ? ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಶಾಖವು ತಡೆಯಿಲ್ಲದೆ ಮೇಲಕ್ಕೆ ಹೊರಟುಹೋಗುವುದು. ನೆಲಕ್ಕೆ ತಾಗಿದ ಗಾಳಿ ಮೊದಲು ತಣ್ಣಗಾಗುವುದು. ತಣ್ಣನೆಯ ಗಾಳಿ ಭಾರವಾದ್ದರಿಂದ ಅದು ಕೆಳಗೇ ಉಳಿದು, ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ ಕೂಡುವುದು. ಊರಿನ ಹೊಗೆ, ಧೂಳು, ನೀರಿನ ಆವಿ ಎಲ್ಲವೂ ಆ ಮುಚ್ಚಳದ ಕೆಳಗೆ ಸಿಕ್ಕಿಕೊಳ್ಳುವುವು. ಬಿಸಿಲೇರಿ ನೆಲ ಕಾದ ಮೇಲೆಯೇ ಅವಕ್ಕೆ ಬಿಡುಗಡೆ.

ಇನ್ನು ಸೂರ್ಯನ ಮಾತು. ಮೇ ತಿಂಗಳ ನಡುವಿನಲ್ಲಿ ಪುಣೆಯ ಸೂರ್ಯನು ನಡುಹಗಲಿಗೆ ನೆತ್ತಿಯ ಮೇಲೆಯೇ ಇರುವನು. ನಿಮ್ಮ ನೆರಳು ನಿಮ್ಮ ಪಾದದ ಕೆಳಗೆ ಅಡಗಿರುವುದು. ಡಿಸೆಂಬರ 22ರ ಸುಮಾರಿಗೆ ಅದೇ ಸೂರ್ಯನು ನಡುಹಗಲಿನಲ್ಲಿಯೂ ದಿಗಂತದಿಂದ ಸುಮಾರು 48 ಡಿಗ್ರಿಗಿಂತ ಮೇಲೇರನು. 100 ಸೆಂಟಿಮೀಟರಿನ ಕೋಲೊಂದನ್ನು ಅಂದು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ ಅಳೆದು ನೋಡಿರಿ. ನೆರಳು ಸುಮಾರು 90 ಸೆಂಟಿಮೀಟರು ಬರುವುದು. ಆದರೆ ಗಡಿಯಾರದಲ್ಲಿ 12 ಗಂಟೆ ಹೊಡೆದೊಡನೆ ಅಳೆಯಬೇಡಿರಿ. ನಮ್ಮ ದೇಶದ ಗಡಿಯಾರಗಳೆಲ್ಲ ಪೂರ್ವದ 82.5 ಡಿಗ್ರಿ ರೇಖಾಂಶವನ್ನು ಅನುಸರಿಸುತ್ತವೆ. ನಾವು ಅದರ ಪಶ್ಚಿಮಕ್ಕಿದ್ದೇವೆ. ಆದುದರಿಂದ ಪುಣೆಯ ನಿಜವಾದ ನಡುಹಗಲು ಆ ದಿನ 12 ಗಂಟೆ 33 ನಿಮಿಷದ ಸುಮಾರಿಗೆ. ಅದೇ ದಿನ ಬೆಳಿಗ್ಗೆ 8 ಗಂಟೆಗೆ ಅಳೆದರೆ ನೆರಳು ಕೋಲಿನ ಐದು ಪಟ್ಟಿನಷ್ಟಿರುವುದು.

ಈ ಓರೆ ಬಿಸಿಲೇ ಛಾಯಾಚಿತ್ರಕಾರನ ಸಂಪತ್ತು. ನೆತ್ತಿಯ ಬಿಸಿಲಿನಲ್ಲಿ ತೆಗೆದರೆ ಕಣ್ಣಿನ ಕುಳಿಗಳಲ್ಲಿ ಕಪ್ಪು ತುಂಬುವುದು, ಮೂಗಿನ ನೆರಳು ತುಟಿಯ ಮೇಲೆ ಬೀಳುವುದು. ಓರೆ ಬಿಸಿಲು ಕಣ್ಣಿನೊಳಗೆ ಹೋಗುವುದು. ಗೋಡೆಯ ಇಟ್ಟಿಗೆ, ಮುದುಕರ ಮುಖದ ಗೆರೆ, ರೊಟ್ಟಿಯ ಮೇಲಿನ ಬೊಬ್ಬೆ, ಇವುಗಳ ಏರುತಗ್ಗನ್ನು ಅದು ಒಂದೊಂದಾಗಿ ಎತ್ತಿ ತೋರಿಸುವುದು. ಅಲ್ಲದೆ ಬೆಳಗಿನ ಕಿರಣಗಳು ಗಾಳಿಯ ಹೆಚ್ಚು ದಪ್ಪ ಪದರವನ್ನು ಹಾದು ಬರಬೇಕು. ಹಾದಿಯಲ್ಲಿ ನೀಲಿ ಚೆದರಿಹೋಗಿ ಹಳದಿ ಕೆಂಪುಗಳು ಹೆಚ್ಚಾಗಿ ಉಳಿಯುವುವು. ಅದರಿಂದ ಬಿಸಿಲು ಬಿದ್ದೆಡೆ ಬಂಗಾರ. ನೆರಳಿನಲ್ಲಿ ಮಾತ್ರ ಆಕಾಶದ ನೀಲಿ.

ಕ್ಯಾಮೆರಾ ಎಂಬುದಾದರೂ ಏನು? ಒಂದು ಕತ್ತಲೆಯ ಪೆಟ್ಟಿಗೆ. ಮುಂದೆ ಮಸೂರ, ಅದರೊಳಗೆ ಹಿಗ್ಗಿಸಲು ಕುಗ್ಗಿಸಲು ಬರುವ ಕಿಂಡಿ, ಹಿಂದೆ ಕ್ಷಣಕಾಲ ತೆರೆದು ಮುಚ್ಚುವ ಪರದೆ, ಅದರ ಹಿಂದೆ ಬೆಳಕನ್ನು ಹಿಡಿಯುವ ಹಾಳೆ. ಹಿಂದಿನವರಿಗೆ ಆ ಹಾಳೆ ಬೆಳ್ಳಿಯ ಲವಣ ಬಳಿದ ಕಾಗದ, ಗಾಜು ಅಥವಾ ಫಿಲ್ಮ್ ಆಗಿತ್ತು. ನನ್ನ ಕ್ಯಾಮೆರಾದಲ್ಲಿ ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಲಕ್ಷಾಂತರ ಕಣಗಳ ಒಂದು ಬಿಲ್ಲೆ. ಕಿಂಡಿ ಎಷ್ಟು ದೊಡ್ಡದು, ಪರದೆ ಎಷ್ಟು ಹೊತ್ತು ತೆರೆದಿತ್ತು, ಈ ಎರಡೇ ಕೀಲಿಗಳು. ಕೊಡಕ್ಕೆ ನೀರು ತುಂಬುವಾಗ ನಳವನ್ನು ಪೂರ್ತಿ ತಿರುಗಿಸಿ ಬೇಗ ತುಂಬಬಹುದು, ಸಣ್ಣಗೆ ಬಿಟ್ಟು ತಡವಾಗಿ ತುಂಬಬಹುದು, ಹಾಗೆ. ಮೊಬೈಲ್ ಈ ಕೆಲಸವನ್ನು ನಮ್ಮನ್ನು ಕೇಳದೆ ತಾನೇ ಮಾಡಿಬಿಡುವುದು. ನನಗೆ ಕಲಿಯಬೇಕಾಗಿತ್ತು.

ಕಲಿಕೆ ಸುಲಭವಾಗಿ ಆಗಲಿಲ್ಲ. ಮೊದಲ ಭಾನುವಾರ ನಸುಕಿನಲ್ಲಿಯೇ ಎದ್ದು ನದಿಯ ದಂಡೆಗೆ ಹೋಗಿ ಒಂದು ಗಂಟೆ ಅಲೆದೆನು. ಮನೆಗೆ ಬಂದು, ಸ್ನಾನದ ನೀರು ಕುದಿಯುತ್ತಿದ್ದ ಅಡಿಗೆಯ ಮನೆಯಲ್ಲಿ ಮಡದಿಯ ಚಿತ್ರ ತೆಗೆಯಬೇಕೆಂದು ಕ್ಯಾಮೆರಾ ಹೊರತೆಗೆದರೆ ಏನೂ ಕಾಣದು. ಹೊಸ ವಸ್ತು ಕೆಟ್ಟುಹೋಯಿತೆಂದು ಎದೆ ಧಸಕ್ಕೆಂದಿತು. ಅಂಗಿಯ ಚುಂಗಿನಿಂದ ಒರೆಸಿದರೆ ಮತ್ತೆ ಮಬ್ಬು. ತಣ್ಣನೆಯ ಲೋಟದ ಹೊರಮೈಯಲ್ಲಿ ಹನಿ ಮೂಡುವುದಿಲ್ಲವೇ, ಅದೇ ಇಲ್ಲಿಯೂ ಆಗಿತ್ತು: ತಣ್ಣಗಾದ ಗಾಜಿಗೆ ತಾಗಿದ ತೇವದ ಗಾಳಿ ತನ್ನ ನೀರನ್ನು ಅಲ್ಲಿ ಇಳಿಸಿತ್ತು. ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅರ್ಧ ಗಂಟೆ ಬಿಟ್ಟರೆ ಹನಿಯೆಲ್ಲ ಚೀಲದ ಹೊರಗೇ ಉಳಿಯುವುದು. ಅಂಗಿಯಿಂದ ಒರೆಸುವುದನ್ನು ಮಾತ್ರ ಯಾರೂ ಮಾಡಬೇಡಿರಿ. ನನ್ನ ಮಸೂರದ ಮೇಲೆ ಆ ದಿನದ ಒಂದು ಗೀರು ಈಗಲೂ ಇದೆ.

ಡಿಸೆಂಬರದ ಮೊದಲ ವಾರದಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನು ಬಿಡುವಿನ ವೇಳೆಗೆ ನನ್ನ ಬಳಿ ಬಂದು ನಿಂತನು. "ಸರ್, ನಮ್ಮ ಅಪ್ಪಂದೊಂದು ಫೋಟೋ ತಗೀರಿ. ಊರಾಗ ನಮ್ಮ ಆಯಿಗೆ ಕಳಸಬೇಕ್ರಿ. ಕಟ್ಟ ಹಾಕಿದ್ದು ಬೇಕಂತಾಳ್ರಿ" ಎಂದನು. ವಿಜಯಪುರ ಜಿಲ್ಲೆಯವರು ಅವರು. ತಂದೆ ಗೌಂಡಿ ಕೆಲಸದವನು. ಎರಡು ವರುಷಗಳಿಂದ ಊರಿಗೆ ಹೋಗಲಾಗಿರಲಿಲ್ಲ. ಮುದುಕಿಯ ಬಳಿ ಇರುವುದು ಗುಂಡಿಯ ಮೊಬೈಲು. ಅದರಲ್ಲಿ ಮಗನ ಮಾತು ಕೇಳುವುದೇ ಹೊರತು ಮುಖ ಕಾಣುವುದಿಲ್ಲ. ನನಗೆ ನಮ್ಮ ಮನೆಯ ಗೋಡೆಯ ಕೋಟು ನೆನಪಾಯಿತು. ಆಗಲಿ ಎಂದೆನು.

ಮಾರನೆಯ ದಿನ ಕೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ನಾಕಾಕ್ಕೆ ಹೋದೆನು. ಮಂಜು ಕವಿದಿತ್ತು. ಅದರ ಹಿಂದಿನಿಂದ ಸೂರ್ಯ ಆಗ ತಾನೇ ಏಳುತ್ತಿದ್ದನು. ಬುತ್ತಿಯ ಗಂಟು, ಕರಣೆ, ತೂಗುಗುಂಡು ಹಿಡಿದು ನಿಂತವರ ಸುತ್ತ ಬಂಗಾರದ ಅಂಚು. ಇಂಥ ನೋಟ ಮತ್ತೆ ಸಿಗದೆಂದು ಸೂರ್ಯನಿಗೆ ಬೆನ್ನು ಮಾಡಿ ಅವನನ್ನು ನಿಲ್ಲಿಸಿ ಹತ್ತಿಪ್ಪತ್ತು ಚಿತ್ರ ತೆಗೆದೆನು. ಅಷ್ಟರಲ್ಲಿ ಮುಕಾದಮನು ಕೂಗಿದನು, ಅವನು ಓಡಿದನು. ಮನೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಮಂಜು ಸೊಗಸಾಗಿ ಬಂದಿತ್ತು, ಅಂಚು ಸೊಗಸಾಗಿ ಬಂದಿತ್ತು. ಮುಖವಿರಬೇಕಾದಲ್ಲಿ ಒಂದು ಕರಿಯ ತುಂಡು.

ಇದಕ್ಕೆ ಕಾರಣವನ್ನು ನೀವು ಚೆನ್ನಾಗಿ ತಿಳಿಯಬೇಕು. ಬೆಳಕನ್ನು ಅಳೆಯುವ ಯಂತ್ರಕ್ಕೆ ತನ್ನ ಮುಂದಿರುವುದು ಮಂಜೋ ಮನುಷ್ಯನೋ ತಿಳಿಯದು. ಎದುರಿನ ದೃಶ್ಯವೆಲ್ಲವನ್ನೂ ಕಲಸಿದರೆ ನಸುಬೂದು ಬಣ್ಣ ಬರಬೇಕೆಂದು ಅದು ಎಣಿಸಿರುವುದು. ಹಾಲಿನಂಥ ಮಂಜು ತುಂಬಿದ್ದರೆ ಬೆಳಕು ಹೆಚ್ಚಾಯಿತೆಂದು ತಿಳಿದು ಎಲ್ಲವನ್ನೂ ಬೂದಿಗೆ ಇಳಿಸುವುದು. ಮೊದಲೇ ನೆರಳಿನಲ್ಲಿದ್ದ ಮುಖ ಕಪ್ಪಾಗುವುದು. ಆಗ ನಾವು ಯಂತ್ರದ ಲೆಕ್ಕವನ್ನು ಮೀರಿ ಒಂದೋ ಎರಡೋ ಪಟ್ಟು ಹೆಚ್ಚು ಬೆಳಕನ್ನು ಒಳಬಿಡಬೇಕು, ಇಲ್ಲವೆ ಮನುಷ್ಯನನ್ನು ಬೆಳಕಿನ ಕಡೆಗೆ ತಿರುಗಿಸಬೇಕು. ಇದನ್ನು ಪುಸ್ತಕದಲ್ಲಿ ನಾನು ಓದಿಯೇ ಇದ್ದೆನು. ನಾಕಾದಲ್ಲಿ ನಾನು ನೋಡಿದ್ದು ಮಂಜನ್ನು, ಅವನನ್ನಲ್ಲ.

ಹುಡುಗನು ಚಿತ್ರ ನೋಡಿ ಏನೂ ಅನ್ನಲಿಲ್ಲ. ಮೂರು ದಿನಗಳಲ್ಲಿ ಅವನ ತಂದೆ ಚಾಕಣದ ಕಡೆ ಕೆಲಸಕ್ಕೆ ಹೋಗಿಬಿಟ್ಟನು.

ಆ ದಿನಗಳಲ್ಲಿ ನಾನು ಹಳೆಯ ಚಿತ್ರಗಳನ್ನು ಹುಡುಕಿ ನೋಡುತ್ತಿದ್ದೆನು. ಮುಂಬಯಿ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್ ಎಂಬಾತನು 1855ರಲ್ಲಿ ಸರಕಾರದ ಆಜ್ಞೆಯಂತೆ ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಛಾಯಾಚಿತ್ರ ತೆಗೆದನು. ಮರುವರುಷ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಹಚ್ಚಿದ ಕಾಗದದ ಮೇಲೆ ಹಂಪೆಯನ್ನು ಮೂಡಿಸಿದನು. ಕಲ್ಲಿನ ಕೆತ್ತನೆ ಇಂದಿಗೂ ಎಣಿಸಬಹುದಾದಷ್ಟು ಸ್ಪಷ್ಟ. ಆದರೆ ಆ ಕಾಗದಕ್ಕೆ ಬಹಳ ಹೊತ್ತಿನ ಬೆಳಕು ಬೇಕಾಗಿತ್ತು. ಕಲ್ಲು ಕದಲದೆ ನಿಂತಿತು. ನಡೆದುಹೋದವನು ಚಿತ್ರದಲ್ಲಿ ಉಳಿಯಲೇ ಇಲ್ಲ. ನಮ್ಮ ನಾಡಿನ ಮೊದಲ ಛಾಯಾಚಿತ್ರಗಳಲ್ಲಿ ಗುಡಿ ಗುಮ್ಮಟಗಳುಂಟು, ಕೆಲಸಕ್ಕೆ ಹೊರಟ ಮನುಷ್ಯನು ವಿರಳ.

ಅವನನ್ನು ಚಿತ್ರದೊಳಗೆ ಕರೆತಂದವರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಅವರ ಹೆಸರನ್ನು ನೀವು ನೆನಪಿಡಬೇಕು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಇವರು 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಗೆ ಸೇರಿದರು. ಮಕ್ಕಳು, ಮುದುಕರು, ದುಡಿಯುವವರು, ಇವರೇ ಅವರ ವಸ್ತು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡುವು. ಅವರ ಚಿತ್ರಗಳನ್ನು ನೋಡುತ್ತ ಕುಳಿತಾಗ ಬೆಳಕು ಹೇಗಿದೆಯೆಂಬುದು ನಮಗೆ ಆಮೇಲೆ ಹೊಳೆಯುವುದು, ಮೊದಲು ಮನುಷ್ಯನೇ ಕಾಣುವನು.

ಸಂಕ್ರಾಂತಿಗೆ ಗೌಂಡಿಯು ಮನೆಗೆ ಬಂದಿರುವನೆಂದು ಹುಡುಗನೇ ಬಂದು ಹೇಳಿದನು. ಬೆಳಿಗ್ಗೆ ಎಂಟೂವರೆಗೆ ಅವರ ತಗಡಿನ ಮನೆಗೆ ಹೋದೆನು. ತಾಯಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಕೊಟ್ಟರು. ಮಂಜು ಕರಗಿ ಓರೆ ಬಿಸಿಲು ಬಾಗಿಲಿಗೆ ಬಂದಿತ್ತು. ಅವನನ್ನು ಬಾಗಿಲಿನಲ್ಲಿ ಕೂಡ್ರಿಸಿ, ಬಿಸಿಲು ಎಡಗೆನ್ನೆಗೆ ಬೀಳುವಂತೆ ಮಾಡಿ, ಈ ಸಲ ಅಳತೆಯನ್ನು ಮುಖದಿಂದಲೇ ತೆಗೆದುಕೊಂಡೆನು. ಬಲಗೆನ್ನೆ ಹೆಚ್ಚು ಕಪ್ಪಾಗದಿರಲೆಂದು ಹುಡುಗನ ಕೈಯಲ್ಲಿ ಒಗೆದ ಬಿಳಿಯ ಧೋತರವೊಂದನ್ನು ಹಿಡಿಸಿದೆನು. ಬಿಳಿಯ ಬಟ್ಟೆಗೆ ಬಿದ್ದ ಬಿಸಿಲು ತಿರುಗಿ ನೆರಳಿನ ಕಡೆ ಬೆಳಕು ಚೆಲ್ಲುವುದು, ಖರ್ಚಿಲ್ಲದ ಉಪಾಯ. ಧೋತರವಿಟ್ಟು ಕೆಲವು, ಧೋತರ ತೆಗೆಸಿ ಕೆಲವು ಚಿತ್ರ ತೆಗೆದೆನು. ಧೋತರವಿಲ್ಲದ ಚಿತ್ರವೊಂದು ನನಗೆ ಬಹಳ ಮೆಚ್ಚಿಗೆಯಾಯಿತು. ಕೆನ್ನೆಯ ಕುಳಿ, ಹಣೆಯ ಗೆರೆ, ಹುಬ್ಬಿಗೆ ಅಂಟಿದ ಸಿಮೆಂಟಿನ ಪುಡಿ, ಎಲ್ಲವೂ ಮೂಡಿದ್ದುವು. ಅದಕ್ಕೇ ಕಟ್ಟು ಹಾಕಿಸಿ, ಊರಿಗೆ ಹೊರಟ ಅವರ ಓಣಿಯವರ ಕೈಯಲ್ಲಿ ಕಳಿಸಿದೆವು.

ನಾಲ್ಕು ದಿನಗಳ ಮೇಲೆ ಮುದುಕಿಯ ಫೋನು ಬಂದಿತಂತೆ. ಚಿತ್ರ ಮುಟ್ಟಿತೆಂದಾಗಲಿ, ಚೆನ್ನಾಗಿದೆಯೆಂದಾಗಲಿ ಆಕೆ ಹೇಳಲಿಲ್ಲ. "ಯಾಕ ಇಷ್ಟ ಸೊರಗ್ಯಾನ? ಅಲ್ಲಿ ಹೊಟ್ಟೀಗಿ ಏನ ಹಾಕ್ತೀರಿ?" ಎಂದು ಸೊಸೆಯನ್ನು ಕೇಳಿದರಂತೆ. ಹುಡುಗನಿಂದ ಇದನ್ನು ಕೇಳಿ ನಾನು ಪೆಚ್ಚಾದೆನು. ಧೋತರ ಹಿಡಿದು ತೆಗೆದ ಚಿತ್ರದಲ್ಲಿ ಅವನ ಕೆನ್ನೆ ತುಸು ತುಂಬಿದಂತೆಯೇ ಕಾಣುವುದು. ಅದನ್ನೂ ಅಚ್ಚು ಹಾಕಿಸಿ, ಮುಂದಿನ ವಾರ ಹೋಗುವವರ ಕೈಯಲ್ಲಿ ಕೊಟ್ಟೆವು.

ಮುದುಕಿ ಎರಡನೆಯದನ್ನು ಪೆಟ್ಟಿಗೆಯಲ್ಲಿಟ್ಟು, ಮೊದಲನೆಯದನ್ನೇ ಗೋಡೆಗೆ ಹಾಕಿಸಿಕೊಂಡಿದ್ದಾರಂತೆ.