ಲಿವ್ ಅನ್ನಬೇಕೋ, ಲೈವ್ ಅನ್ನಬೇಕೋ?

ಈಚೆಗೆ ತರಗತಿಯಲ್ಲಿ ಇಂಗ್ಲಿಷ್ ಪತ್ರಿಕೆ ಓದಿಸುತ್ತಿದ್ದೆ. ನಮ್ಮ ಹಿಡಕಲ್ ಜಲಾಶಯದ ನೀರಿನ ಮಟ್ಟದ ಸುದ್ದಿ. ಓದುತ್ತಿದ್ದ ಹುಡುಗ ‘ಲಿವ್ ಸ್ಟೋರೇಜ್’ ಎಂದ. ಹಿಂದಿನ ಬೆಂಚಿನಲ್ಲಿ ನಗು. ನಕ್ಕವರಲ್ಲಿ ಒಬ್ಬನನ್ನು ಎಬ್ಬಿಸಿ, ‘ಲೈವ್ ಸ್ಟೋರೇಜ್ ಅಂದರ ಏನಪಾ?’ ಎಂದು ಕೇಳಿದೆ. ‘ನೇರ ಪ್ರಸಾರ ರೀ ಸರ್’ ಎಂದ. ಒಬ್ಬನಿಗೆ ಉಚ್ಚಾರ ತಪ್ಪಿತ್ತು, ಇನ್ನೊಬ್ಬನಿಗೆ ಅರ್ಥ. ನಗುವ ಹಕ್ಕು ಇಬ್ಬರಿಗೂ ಇರಲಿಲ್ಲ.

ಎಲ್, ಐ, ವಿ, ಇ. ಅಕ್ಷರಗಳು ನಾಲ್ಕೇ, ಪದಗಳು ಎರಡು. ಕ್ರಿಯಾಪದವಾದಾಗ ‘ಲಿವ್’: ಬದುಕು, ವಾಸಿಸು. ‘ಐ ಲಿವ್ ಇನ್ ಹಿಡಕಲ್.’ ವಿಶೇಷಣವಾದಾಗ ‘ಲೈವ್’: ಜೀವವಿರುವ. ಇದರ ನಡುವೆ ‘ಲೀವ್’ ಅನ್ನು ತರಬೇಡಿ. ಅದು ಬಿಡು, ಹೊರಡು. ನಿಮ್ಮ ರಜೆ ಚೀಟಿಯ ಪದ. ಲಿ, ಲೀ ವ್ಯತ್ಯಾಸ ಒಂದನೇ ಇಯತ್ತೆಯ ಕಾಗುಣಿತದಲ್ಲೇ ಕಲಿತಿದ್ದೀರಿ.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಅದಕ್ಕೇ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಉರ್ದು ಓದಬಲ್ಲವರಿಗೆ ಇದು ಹೊಸದಲ್ಲ. ಮೀಮ್, ಲಾಮ್, ಕಾಫ್ ಮೂರೂ ಸೇರಿದ ಪದವನ್ನು ನೆನಪಿಸಿಕೊಳ್ಳಿ. ಮುಲ್ಕ್ ಎಂದರೆ ದೇಶ, ಮಲಿಕ್ ಎಂದರೆ ಅರಸ, ಮಲಕ್ ಎಂದರೆ ಫರಿಶ್ತಾ. ಪತ್ರಿಕೆಯಲ್ಲಿ ಜೇರ್, ಜಬರ್, ಪೇಶ್ ಹಾಕಿರುವುದಿಲ್ಲ. ಆದರೂ ‘ಹಮಾರಾ’ ಬಂದ ಕೂಡಲೇ ಮುಂದಿನದು ಮುಲ್ಕ್ ಎಂದು ನಾಲಿಗೆಗೆ ತಿಳಿದುಬಿಡುತ್ತದೆ. ಇಂಗ್ಲಿಷಿನಲ್ಲೂ ಅದನ್ನೇ ಮಾಡಿ. ಅಕ್ಕಪಕ್ಕದ ಪದ ನೋಡಿ, ಆಮೇಲೆ ಬಾಯಿ ತೆರೆಯಿರಿ. ಮುಂದೆ ಸ್ಟೋರೇಜ್, ವೈರ್, ಮ್ಯಾಚ್ ಎಂಬಂಥ ನಾಮಪದವಿದ್ದು ಅದನ್ನು ವರ್ಣಿಸುತ್ತಿದ್ದರೆ ಅದು ಲೈವ್.

ಈ ‘ಐ’ಕಾರ ಎಲ್ಲಿಂದ ಬಂತು? ‘ಲೈಫ್’ ಎಂಬ ನಾಮಪದದಿಂದ. ಹಳೆಯ ಇಂಗ್ಲಿಷಿನಲ್ಲಿ ‘ಜೀವದಲ್ಲಿ ಇರುವ’ ಎಂಬ ಎರಡು ಮಾತುಗಳು ಕೂಡಿ ‘ಅಲೈವ್’ ಆಯಿತು; 16ನೇ ಶತಮಾನದ ಹೊತ್ತಿಗೆ ಅದರ ತಲೆಯ ‘ಅ’ ಉದುರಿ ‘ಲೈವ್’ ಉಳಿಯಿತು. ಲೈವ್ಲಿ, ಲೈವ್ಲಿಹುಡ್ ಇವೂ ಲೈಫಿನ ಮನೆಯವೇ, ಅದಕ್ಕೇ ಅಲ್ಲೂ ಐಕಾರ. ಕ್ರಿಯಾಪದಕ್ಕೆ ಮೊದಲಿನಿಂದಲೂ ಹ್ರಸ್ವ ಸ್ವರ.

ಇನ್ನು ಜಲಾಶಯ. ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ಪೂರ್ಣ ಮಟ್ಟ 2175 ಅಡಿ, ಸಾಮರ್ಥ್ಯ ಸುಮಾರು 51 ಟಿಎಂಸಿ. ಆದರೆ ಅಷ್ಟೂ ನೀರು ನಮಗೆ ಸಿಗುವುದಿಲ್ಲ. ನೀರು ಹೊರಬಿಡುವ ತೂಬಿನ ಮಟ್ಟಕ್ಕಿಂತ ಕೆಳಗೆ ನಿಂತ ನೀರು ಕಾಲುವೆಗೆ ಹರಿಯದು. ಅದು ‘ಡೆಡ್ ಸ್ಟೋರೇಜ್’. ಅದರ ಮೇಲಿನದು, ಬಿಟ್ಟರೆ ಹರಿಯುವಂಥದ್ದು, ‘ಲೈವ್ ಸ್ಟೋರೇಜ್’. ನೀರಿಗೆ ಸಾವು ಬದುಕು ಎಲ್ಲಿಯದು ಎಂದು ಕೇಳಬಹುದು. ಇಲ್ಲಿ ಲೈವ್ ಎಂದರೆ ಕೆಲಸಕ್ಕೆ ಬರುವ ಎಂದಷ್ಟೇ ಅರ್ಥ. ಬೇಸಿಗೆಯಲ್ಲಿ ‘ಡ್ಯಾಮಿನಾಗ ಇನ್ನೂ ನೀರು ಕಾಣಾಕತ್ತೈತಿ, ಕಾಲುವೆಗೆ ಯಾಕ ಬಿಡವಲ್ಲರು?’ ಎಂದು ಮನೆಯಲ್ಲಿ ಹಿರಿಯರು ಕೇಳಿದರೆ, ಕಾಣುವ ನೀರಿನಲ್ಲಿ ಲೈವ್ ಎಷ್ಟು ಎಂದು ಪತ್ರಿಕೆ ನೋಡಿ ಹೇಳುವವರು ನೀವಾಗಬೇಕು.

ನೇರ ಪ್ರಸಾರ ಎಂದ ಹುಡುಗನೂ ಪೂರಾ ತಪ್ಪಲ್ಲ. ‘ಲೈವ್ ಟೆಲಿಕಾಸ್ಟ್’ ಎಂದರೆ ನಡೆಯುತ್ತಿರುವಾಗಲೇ ತೋರಿಸುವುದು. ‘ಲೈವ್‌ಸ್ಟಾಕ್’ ಎಂದರೆ ದನಕರು, ಕುರಿ, ಆಡು. ‘ಲೈವ್ ವೈರ್’ ಎಂದರೆ ಕರೆಂಟು ಹರಿಯುತ್ತಿರುವ ತಂತಿ. ಹೊಲದ ಪಂಪ್‌ಸೆಟ್ ಹತ್ತಿರ ಓಡಾಡುವ ನೀವು ಈ ಅರ್ಥವನ್ನು ಪರೀಕ್ಷೆಗಾಗಿ ಮಾತ್ರ ಕಲಿಯಬೇಡಿ. ತಂತಿಯ ಮೇಲೆ ಜೀವ ಕಾಣುವುದಿಲ್ಲ, ಮುಟ್ಟಿದವನ ಜೀವ ಹೋಗುತ್ತದೆ.

ಒಂದು ಎಚ್ಚರಿಕೆ. ‘ಎ ಲೈವ್ ಫಿಶ್’ ಸರಿ, ಆದರೆ ಮೀನಿಗೆ ಇನ್ನೂ ಜೀವವಿದೆ ಎನ್ನಲು ‘ದಿ ಫಿಶ್ ಈಸ್ ಅಲೈವ್’ ಎನ್ನಬೇಕು. ತಂತಿಗೆ, ಕಾರ್ಯಕ್ರಮಕ್ಕೆ ‘ಈಸ್ ಲೈವ್’ ನಡೆಯುತ್ತದೆ.

ಕೆಳಗಿನ ವಾಕ್ಯದ ಮೂರು ಖಾಲಿ ಜಾಗಗಳಲ್ಲಿ ಲಿವ್, ಲೈವ್, ಲೈವ್ಸ್ ತುಂಬಿ ಗಟ್ಟಿಯಾಗಿ ಓದಿ. ಮೂರನೆಯದು ಲೈಫಿನ ಬಹುವಚನ.

‘ದಿ ಪೀಪಲ್ ಹೂ ____ ಬಿಲೋ ದಿ ಡ್ಯಾಮ್ ಆಸ್ಕ್ ಅಬೌಟ್ ಇಟ್ಸ್ ____ ಸ್ಟೋರೇಜ್, ಬಿಕಾಸ್ ದೇರ್ ____ ಡಿಪೆಂಡ್ ಆನ್ ಇಟ್.’