ಅಘನಾಶಿನಿಯಿಂದ ಟ್ರೊಮ್ಸೊಗೆ

ಕೂಸೇ, ಮೊನ್ನೆ ಒಂದೇ ರಾತ್ರಿಯಲ್ಲಿ ನಲವತ್ತು ಪ್ರೊಫೆಸರರಿಗೆ ಮೇಲ್ ಹಾಕಿದೆಯಂತೆ. ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಅದರಲ್ಲೂ ಇಬ್ಬರ ಹೆಸರು ಅದಲುಬದಲು! ನಿನ್ನ ಹುರುಪು ಮೆಚ್ಚಿದೆ. ಆದರೆ ಗದ್ದೆ ಉಳದೆ ಬೀಜ ಎರಚಿದರೆ ಹಕ್ಕಿಯ ಹೊಟ್ಟೆ ತುಂಬುತ್ತದೆ, ಅಷ್ಟೆ.

ನೀನು ಕಣ್ಣಿಟ್ಟಿರುವುದು ನಾರ್ವೆಯ ಟ್ರೊಮ್ಸೊ ವಿಶ್ವವಿದ್ಯಾಲಯದ ಮೇಲೆ. ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 350 ಕಿ.ಮೀ. ಉತ್ತರಕ್ಕೆ, 1972ರಿಂದ ಪಾಠ ನಡೆಯುತ್ತಿರುವ ಜಾಗ. ಮೀನುಗಾರಿಕೆಯ ವಿಜ್ಞಾನಕ್ಕೇ ಅಲ್ಲೊಂದು ಕಾಲೇಜಿದೆ. ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಿದ ಹುಡುಗಿಗೆ ಅದು ಪರದೇಶವಾದರೂ ಪರಕೀಯವಲ್ಲ.

ಅಲ್ಲಿ ಪಿಎಚ್‌.ಡಿ. ಅಂದರೆ ಸೀಟಲ್ಲ, ನೌಕರಿ. ಇಲ್ಲಿನ ಹಾಗೆ ಮೊದಲು ಗೈಡ್ ಹಿಡಿದು, ಆಮೇಲೆ ಫೆಲೋಶಿಪ್‌ಗೆ ಕಾಯುವುದಿಲ್ಲ. ಹುದ್ದೆ ಖಾಲಿ ಇದೆ ಅಂತ ಜಾಬ್‌ನಾರ್ಗೆ ತಾಣದಲ್ಲಿ ಜಾಹೀರಾತು ಬರುತ್ತದೆ. ಮೂರು ವರ್ಷದ ಕೆಲಸ. ಕಾಲು ಭಾಗ ಪಾಠ ಹೇಳುವುದೂ ಸೇರಿದರೆ ನಾಲ್ಕು. ತಿಂಗಳ ಸಂಬಳ ಉಂಟು, ತೆರಿಗೆಯೂ ಉಂಟು. 2023ರಿಂದ ಯುರೋಪಿನ ಹೊರಗಿನವರಿಗೆ ಶುಲ್ಕ ಬಂತೆಂದು ಹೆದರಿದ್ದೆಯಲ್ಲ? ಅದು ಪದವಿ, ಎಂ.ಎಸ್ಸಿ. ಓದುವವರಿಗೆ. ನೀನು ಸಂಬಳ ತೆಗೆದುಕೊಳ್ಳುವವಳು.

ಹಾಗಾಗಿ ಜಾಹೀರಾತನ್ನು ನಿಧಾನ ಓದು. ನನ್ನ ಶಿಷ್ಯೆಯೊಬ್ಬಳು ಮೊದಲ ಸಲ ಹಳೆಯ ಯೋಜನಾ ವಿವರಕ್ಕೇ ಹೊಸ ತಲೆಬರಹ ಅಂಟಿಸಿ ಕಳಿಸಿದಳು. ಉತ್ತರ ಬರಲಿಲ್ಲ. ವಾರಗಟ್ಟಲೆ ಮುಖ ಊದಿಸಿಕೊಂಡಿದ್ದಳು. ಎರಡನೇ ಸಲ ಹತ್ತು ದಿನ ಆ ಒಂದೇ ಜಾಹೀರಾತಿನ ಜೊತೆ ಕೂತಳು. ಕೆಳಗೆ ಕೊಟ್ಟಿದ್ದ ಸಂಪರ್ಕದವರಿಗೆ ಒಂದೇ ಪ್ರಶ್ನೆ ಕೇಳಿದಳು, ಅದೂ ಕೆಲಸದ ಪ್ರಶ್ನೆ: ಮಾದರಿಗಳನ್ನು ಯಾವ ಋತುವಿನಲ್ಲಿ ತೆಗೆಯುತ್ತೀರಿ? ಮರುದಿನವೇ ಉತ್ತರ ಬಂತು. ಹುದ್ದೆಯೂ ಸಿಕ್ಕಿತು. ‘ರೆಸ್ಪೆಕ್ಟೆಡ್ ಸರ್’ ಅಂತ ಮೂರು ಸಲ ಬರೆಯುವುದಕ್ಕಿಂತ ಅಂಥ ಒಂದು ಪ್ರಶ್ನೆಯಲ್ಲಿ ಹೆಚ್ಚು ಗೌರವವಿದೆ. ಅಲ್ಲಿ ಪ್ರೊಫೆಸರರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅದಕ್ಕೆ ನೀನು ನಾಚಬೇಡ.

ಎಂ.ಎಸ್ಸಿ. ಪ್ರಬಂಧವನ್ನು ಅರ್ಜಿಯ ಜೊತೆ ಕೇಳುತ್ತಾರೆ. ನಿನ್ನದು ಕಪಾಟಿನಲ್ಲಿ ಧೂಳು ತಿನ್ನುತ್ತಿದೆ. ಅಂಕಪಟ್ಟಿ, ಪದವಿ ಪ್ರಮಾಣಪತ್ರಕ್ಕೆ ಈಗಲೇ ವಿಶ್ವವಿದ್ಯಾಲಯದ ಕಚೇರಿಗೆ ಹೋಗು. ನಮ್ಮ ಕಚೇರಿಗಳು ನಿನ್ನ ಕೊನೆಯ ದಿನಾಂಕ ನೋಡಿ ಓಡುವುದಿಲ್ಲ. ಇನ್ನೊಂದು ವಿಷಯ: ಅಲ್ಲಿ ಅರ್ಜಿ ಹಾಕಿದವರ ಹೆಸರು ಬಹಿರಂಗವಾಗಬಹುದು. ಈಗಿನ ಕೆಲಸದ ಮೇಲಧಿಕಾರಿಗೆ ನೀನೇ ಮೊದಲು ಹೇಳಿಬಿಡು.

ಚಳಿಯ ಬಗ್ಗೆ ಅಜ್ಜಿಗೇ ಹೆಚ್ಚು ಚಿಂತೆ. ಕಡಲ ಬಿಸಿ ಪ್ರವಾಹದಿಂದ ಅಲ್ಲಿನ ಬಂದರು ಹೆಪ್ಪುಗಟ್ಟುವುದಿಲ್ಲ. ಬಾಧಿಸುವುದು ಕತ್ತಲೆ. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಏಳುವುದೇ ಇಲ್ಲ. ಮಧ್ಯಾಹ್ನ ಒಂದಿಷ್ಟು ನೀಲಿ ಬೆಳಕು, ಅಷ್ಟೆ. ಆ ಹೊತ್ತಿಗೆ ಕೋಣೆಯೊಳಗೆ ಕೂರಬೇಡ, ನಾಲ್ಕು ಜನರೊಂದಿಗೆ ಹೊರಗೆ ನಡೆ. ಅಲ್ಲಿ ಹುದ್ದೆ ಸಿಕ್ಕ ನನ್ನ ಆ ಶಿಷ್ಯೆ ಹೇಳಿದ್ದೂ ಇದನ್ನೇ.

ಭಾನುವಾರ ಪ್ರಬಂಧ ಹಿಡಿದು ಬಾ. ಅಘನಾಶಿನಿ ಅಳಿವೆಯಲ್ಲಿ ಎರಡು ವರ್ಷ ಕೆಸರಲ್ಲಿ ನಿಂತು ಬಳಚು ಎಣಿಸಿದ್ದೀಯಲ್ಲ, ಅದು ಅವರಿಗೆ ಯಾಕೆ ಬೇಕು ಅನ್ನುವುದನ್ನು ಒಂದು ಪುಟದಲ್ಲಿ ಬರೆದು ತಾ. ಮೊದಲು ಅಜ್ಜಿಗೆ ಓದಿ ಹೇಳೋಣ.