ವರದಿ ಒಂದೇ, ನಿರ್ಧಾರ ಬೇರೆ: ಸೂಕ್ಷ್ಮಜೀವಿ ಘಟಕಕ್ಕೊಂದು ಪೂರಕ ಪಾಠ

ತರಗತಿ: 8 | ವಿಷಯ: ವಿಜ್ಞಾನ | ಘಟಕ: ಸೂಕ್ಷ್ಮಜೀವಿಗಳು | ಅವಧಿ: 40 ನಿಮಿಷ

ಉದ್ದೇಶ
‘ಬ್ಯಾಕ್ಟೀರಿಯಾ ಎಂದರೆ ರೋಗ, ರೋಗಕ್ಕೆ ಮಾತ್ರೆ’ ಎಂಬ ಸೂತ್ರ ಮಕ್ಕಳಲ್ಲಿ ಗಟ್ಟಿಯಾಗಿರುತ್ತದೆ. ಮೊಸರಿನ ಉದಾಹರಣೆ ಕೊಟ್ಟರೆ ಅದನ್ನು ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂದು ಬೇರೆ ಇಡುತ್ತಾರೆ, ಸೂತ್ರ ಹಾಗೇ ಉಳಿಯುತ್ತದೆ. ರೋಗ ತರಬಲ್ಲ ಬ್ಯಾಕ್ಟೀರಿಯಾವೂ ತೊಂದರೆ ಕೊಡದೆ ದೇಹದಲ್ಲಿರಬಹುದು ಎಂದು ತೋರಿಸಲು ನಾನು ರೋಗಲಕ್ಷಣವಿಲ್ಲದವರ ಮೂತ್ರದಲ್ಲಿ ಕಾಣುವ ಬ್ಯಾಕ್ಟೀರಿಯಾವನ್ನು ಆರಿಸಿಕೊಂಡೆ.

ವಿಷಯಾಂಶ
ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಪ್ರತಿ ಮಿಲಿಲೀಟರಿಗೆ 1,00,000 ಅಥವಾ ಹೆಚ್ಚು ಬ್ಯಾಕ್ಟೀರಿಯಾ ಕಂಡರೂ ಉರಿಮೂತ್ರ, ಜ್ವರ, ಪಕ್ಕೆನೋವು ಇಲ್ಲದಿರಬಹುದು. ವಯಸ್ಸಾದವರಲ್ಲಿ, ಮಧುಮೇಹವಿರುವ ಮಹಿಳೆಯರಲ್ಲಿ, ಬಹುಕಾಲ ಕ್ಯಾತಿಟರ್ ಇರುವವರಲ್ಲಿ ಇದು ಸಾಮಾನ್ಯ. ಹೆಚ್ಚಾಗಿ ಸಿಗುವುದು ಇ. ಕೋಲೈ.

ಚಟುವಟಿಕೆ
ನಾಲ್ಕು ಗುಂಪುಗಳಿಗೆ ನಾಲ್ಕು ಚೀಟಿ ಕೊಟ್ಟೆ: ಆರಾಮಾಗಿರುವ 70 ವರ್ಷದ ಅಜ್ಜಿ, ಮಧುಮೇಹವಿದ್ದರೂ ಬೇರೆ ತೊಂದರೆಯಿಲ್ಲದ ಮಹಿಳೆ, ಮೂರು ತಿಂಗಳ ಗರ್ಭಿಣಿ, ಉರಿಮೂತ್ರ ಮತ್ತು ಜ್ವರವಿರುವ ಯುವತಿ. ವರದಿಯ ಸಂಖ್ಯೆ ಎಲ್ಲರದೂ ಒಂದೇ. ಯಾರಿಗೆ ಪ್ರತಿಜೈವಿಕ ಬೇಕು? ಮೊದಲು ನಾಲ್ಕೂ ಗುಂಪು ‘ಬೇಕು’ ಎಂದವು. ಆಮೇಲೆ ಒಬ್ಬಳು ಕೇಳಿದಳು: “ಅಜ್ಜಿಗೆ ಏನೂ ಆಗಿಲ್ವಲ್ಲ ಮಿಸ್, ಮಾತ್ರೆ ಏನನ್ನ ವಾಸಿ ಮಾಡುತ್ತೆ?” ಪಾಠ ತಿರುಗಿದ್ದು ಅಲ್ಲಿಂದ.

ಚರ್ಚೆ
ಅಮೆರಿಕದ ಸೋಂಕುರೋಗ ತಜ್ಞರ ಸಂಘದ 2019ರ ಮಾರ್ಗಸೂಚಿಯಂತೆ ಮೊದಲಿಬ್ಬರಿಗೆ ಚಿಕಿತ್ಸೆ ಬೇಡ. ಅದರಿಂದ ಅವರಿಗೆ ಲಾಭವಿಲ್ಲ. ಅಡ್ಡಪರಿಣಾಮವಿದೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯುವ ಅಪಾಯವಿದೆ. ಗರ್ಭಿಣಿಯ ಮಾತು ಬೇರೆ. ಗರ್ಭ ಬೆಳೆದಂತೆ ಮೂತ್ರದ ಹರಿವು ನಿಧಾನವಾಗಿ, ಸೋಂಕು ಮೂತ್ರಪಿಂಡಕ್ಕೆ ಏರಬಹುದು. ಆದ್ದರಿಂದ ಗರ್ಭದ ಆರಂಭದಲ್ಲೇ ಪರೀಕ್ಷಿಸಿ, ಬ್ಯಾಕ್ಟೀರಿಯಾ ಕಂಡರೆ 4ರಿಂದ 7 ದಿನ ಔಷಧ ಕೊಡುತ್ತಾರೆ. ಮೂತ್ರನಾಳದ ಒಳಪದರಕ್ಕೆ ಗಾಯವಾಗುವಂಥ ಶಸ್ತ್ರಕ್ರಿಯೆಗೆ ಮುನ್ನವೂ ಚಿಕಿತ್ಸೆಯುಂಟು. ನಾಲ್ಕನೆಯವಳಿಗೆ ಲಕ್ಷಣಗಳಿವೆ, ಅದು ಸೋಂಕು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮೌಲ್ಯಮಾಪನ
‘ವರದಿಯಲ್ಲಿ ಬ್ಯಾಕ್ಟೀರಿಯಾ ಇದೆ ಎಂದು ನೆರೆಮನೆಯವರು ಹಳೆಯ ಮಾತ್ರೆ ಕೊಡಲು ಬಂದರೆ ಏನು ಹೇಳುವಿರಿ?’ ಹೆಚ್ಚಿನ ಮಕ್ಕಳು ‘ತೊಂದರೆ ಏನಿದೆ ಎಂದು ಮೊದಲು ಕೇಳುತ್ತೇವೆ’ ಎಂದು ಬರೆದರು.

ಅವಲೋಕನ
ಎಷ್ಟೋ ಮನೆಗಳಲ್ಲಿ ಲ್ಯಾಬ್ ವರದಿಯನ್ನು ಹಿರಿಯರಿಗೆ ಓದಿ ಹೇಳುವವರು ಈ ಮಕ್ಕಳೇ. ಹಾಗಾಗಿ ಎರಡು ಮಾತನ್ನು ಕಪ್ಪುಹಲಗೆಯ ಮೇಲೆ ಬರೆಸಿಯೇ ಪಾಠ ಮುಗಿಸಬೇಕು: ಮಾತ್ರೆ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ವೈದ್ಯರು, ವೈದ್ಯರು ಬೇಡವೆಂದರೆ ಅದು ಅಲಕ್ಷ್ಯವಲ್ಲ, ಅದೂ ಚಿಕಿತ್ಸೆಯ ನಿರ್ಧಾರವೇ. ಈ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳು ಚೀಟಿಗಳಲ್ಲಿ ಸಂಖ್ಯೆಯನ್ನು ಬದಲಿಸಬಾರದು. ಸಂಖ್ಯೆ ಒಂದೇ ಇದ್ದಾಗಲೇ ಮಕ್ಕಳ ಗಮನ ವರದಿಯಿಂದ ಮನುಷ್ಯರ ಕಡೆಗೆ ಹೊರಳುತ್ತದೆ.